‘ಮಿಂಚಿನ ಓಟ’ಕ್ಕೊಂದು ಪುಸ್ತಕ: ಚಿತ್ರವೇ ಸಿಗದ ಪುಟಗಳನ್ನು ಏನು ಮಾಡೋದು?

ಪುಣೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಬಸವಕಲ್ಯಾಣ, ಹುಮನಾಬಾದ್ ಎರಡೂ ಸಿಗುತ್ತವೆ. ಈ ರಸ್ತೆಯ ಪಶ್ಚಿಮದ ತುದಿ ಪುಣೆ. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಭಂಡಾರ ಇರುವುದು ಅಲ್ಲಿ. ಪೂರ್ವಕ್ಕೆ ಹೈದರಾಬಾದ್ ದಾಟಿದರೆ ಇದೇ ರಸ್ತೆಯ ಪಕ್ಕದಲ್ಲೇ ರಾಮೋಜಿ ಫಿಲ್ಮ್ ಸಿಟಿ. ಒಂದು ಕಡೆ ಹಳೆ ಸಿನಿಮಾ ಕಾಯುವ ಜಾಗ, ಇನ್ನೊಂದು ಕಡೆ ಹೊಸ ಸಿನಿಮಾ ತಯಾರಾಗುವ ಜಾಗ. ನಡುವೆ ಇರುವ ನಾವು ಬರೀ ನೋಡೋರು. ಸಿನಿಮಾ ನೋಡಿದ್ದಕ್ಕೆ ನಮ್ಮ ಬಳಿ ಉಳಿದಿರೋ ದಾಖಲೆ ಏನು ಅಂತ ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಾವೂ ಕೇಳಿಕೊಂಡಿರಲಿಲ್ಲ.

ಕೇಳುವಂತೆ ಮಾಡಿದ್ದು ಒಂದು ಪುಸ್ತಕ. ಹುಮನಾಬಾದಿನಲ್ಲಿ ಡಿಟಿಪಿ ಅಂಗಡಿ ಇಟ್ಟಿರುವ ಗೆಳೆಯನೊಬ್ಬನಿಗೆ ಶಂಕರ್‌ನಾಗ್ ನಿರ್ದೇಶನದ ‘ಮಿಂಚಿನ ಓಟ’ದ ಬಗ್ಗೆ ಒಂದು ಸಚಿತ್ರ ಪುಸ್ತಕ ಮಾಡುವ ಹುಚ್ಚು. ಮದುವೆ ಕಾರ್ಡು, ಜಾತ್ರೆ ಪೋಸ್ಟರು, ಚುನಾವಣೆ ಕರಪತ್ರ ಮಾಡಿಯೇ ಪುಟ ವಿನ್ಯಾಸ ಕಲಿತವನು. ಬರೆಯುವ ಕೆಲಸ ನನಗೆ ಒಪ್ಪಿಸಿದ. ನಾನು ಬರೆದುಕೊಟ್ಟೆ. ಆಮೇಲೆ ಅವನು ಕೇಳಿದ ಪ್ರಶ್ನೆ ಇದು: “ಬರಿಯೋದು ನಿಂದು ಮುಗೀತು. ಈಗ ಫೋಟೋ ಎಲ್ಲಿ ಅವ?”

ಅಲ್ಲಿಂದ ಕೆಲಸ ನಿಂತಿತು. ಎಲ್ಲಿ ನಿಂತಿತು, ಯಾಕೆ ನಿಂತಿತು ಅನ್ನೋದನ್ನ ಇಲ್ಲಿ ಬಿಡಿಸಿಡಬೇಕು ಅನ್ನಿಸಿದ್ದು, ಅದು ನಮ್ಮಿಬ್ಬರ ಖಾಸಗಿ ತೊಂದರೆ ಅಲ್ಲ ಅನ್ನುವ ಕಾರಣಕ್ಕೆ. ಕನ್ನಡ ಸಿನಿಮಾ ಭಂಡಾರಕ್ಕೆ ರಾಜ್ಯ ಸರ್ಕಾರ ಬಜೆಟ್ಟಿನಲ್ಲೇ ಹಣ ಹೇಳಿರುವ ಹೊತ್ತಿನಲ್ಲಿ ಇದು ಎಲ್ಲರ ಪ್ರಶ್ನೆ.

ಕಾರು ಕಳ್ಳರ ಸಿನಿಮಾ ಯಾಕೆ?

‘ಮಿಂಚಿನ ಓಟ’ 1980ರದ್ದು. ನಿರ್ದೇಶಕನಾಗಿ ಶಂಕರ್‌ನಾಗ್ ಅವರ ಮೊದಲ ಸಿನಿಮಾ. ಅನಂತ್‌ನಾಗ್, ಶಂಕರ್‌ನಾಗ್, ಲೋಕನಾಥ್, ರಮೇಶ್ ಭಟ್, ಪ್ರಿಯಾ ತೆಂಡೂಲ್ಕರ್ ನಟಿಸಿದ್ದರು. ಕಾರು ಕದಿಯುವವರ ಕಥೆ. ಜೈಲು, ಜೈಲಿನಿಂದ ತಪ್ಪಿಸಿಕೊಳ್ಳುವ ಪ್ರಯತ್ನ. ಸೂಪರ್ ಹಿಟ್ ಸಿನಿಮಾಗಳ ಪಟ್ಟಿಯಲ್ಲಿ ಅದರ ಹೆಸರು ಮೊದಲಿಗೆ ಬರೋದಿಲ್ಲ. ಆದರೆ ನೋಡಿದವರು ಬಿಡೋದಿಲ್ಲ. ಇನ್ನೊಬ್ಬರಿಗೆ ನೋಡು ಅಂತ ಹೇಳುತ್ತಲೇ ಇರುತ್ತಾರೆ. ಹೀಗೆ ಬಾಯಿಂದ ಬಾಯಿಗೆ ಬದುಕಿರುವ ಸಿನಿಮಾ ಅದು.

ಜಗತ್ತಿನ ಬೇರೆ ಕಡೆ ಇಂಥ ಸಿನಿಮಾಗಳಿಗೆ ದೊಡ್ಡ ದೊಡ್ಡ ಚಿತ್ರಪುಸ್ತಕಗಳಿವೆ. ಅಮೆರಿಕದ ‘ಬುಲಿಟ್’ 1968ರದ್ದು. ಸ್ಯಾನ್ ಫ್ರಾನ್ಸಿಸ್ಕೋದ ಏರುತಗ್ಗಿನ ಬೀದಿಗಳಲ್ಲಿ ಸ್ಟೀವ್ ಮೆಕ್ವೀನ್ ಮಸ್ಟಾಂಗ್ ಕಾರು ಓಡಿಸಿದ್ದು ಸುಮಾರು 10 ನಿಮಿಷ. ಆ ಸಿನಿಮಾದ ಸಂಕಲನಕ್ಕೆ ಆಸ್ಕರ್ ಬಂತು. ಚಿತ್ರೀಕರಣದಲ್ಲಿ ಬಳಸಿದ ಒಂದು ಮಸ್ಟಾಂಗ್ ಒಂದೇ ಕುಟುಂಬದ ಬಳಿ ದಶಕಗಳ ಕಾಲ ಇತ್ತು. 2020ರ ಜನವರಿಯಲ್ಲಿ ಹರಾಜಿನಲ್ಲಿ ಅದಕ್ಕೆ 34 ಲಕ್ಷ ಡಾಲರ್ ಕೂಗಿದರು. ಕಾರು ಉಳಿದಿತ್ತು, ನೆಗೆಟಿವ್ ಉಳಿದಿತ್ತು, ಸ್ಟಿಲ್ ಫೋಟೋ ಉಳಿದಿತ್ತು. ಪುಸ್ತಕ ಮಾಡೋರಿಗೆ ಅಲ್ಲಿ ತೊಂದರೆ ಏನಿದ್ದರೂ ಯಾವ ಚಿತ್ರ ಬಿಡಬೇಕು ಅನ್ನೋದು.

ಅದೇ 1968ರಲ್ಲಿ ನಮ್ಮಲ್ಲಿ ‘ಜೇಡರ ಬಲೆ’ ಬಂತು. ರಾಜ್‌ಕುಮಾರ್ ಸಿಐಡಿ 999 ಆದರು. ಕನ್ನಡದ ತೆರೆಯ ಮೇಲೂ ಕಾರು, ಗನ್ನು, ಬೆನ್ನಟ್ಟುವ ಆಟ ಬಂದವು. ಆದರೆ ಒಂದು ವ್ಯತ್ಯಾಸ ಇತ್ತು. ಮಾರುತಿ 800 ರಸ್ತೆಗೆ ಬಂದಿದ್ದೇ 1983ರ ಡಿಸೆಂಬರಿನಲ್ಲಿ. ಅದಕ್ಕೂ ಮುಂಚೆ ಕಾರು ಅಂದರೆ ಅಂಬಾಸಿಡರ್, ಫಿಯಟ್. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ಅಮೆರಿಕದ ಚೇಸ್ ಸಿನಿಮಾದಲ್ಲಿ ಕಾರು ಒಡೆದು ಪುಡಿಯಾಗೋದೇ ಮಜಾ. ನಮ್ಮಲ್ಲಿ ಕಾರು ಕೈಗೆ ಸಿಗೋದೇ ಮಜಾ. ಹಾಗಾಗಿ 1980ರಲ್ಲಿ ಕಾರು ಕದಿಯುವವರ ಕಥೆ ಬರೀ ಥ್ರಿಲ್ಲರ್ ಆಗಿರಲಿಲ್ಲ. ಕಾರು ಯಾರಿಗೆ ಸಿಗುತ್ತೆ, ಯಾರಿಗೆ ಸಿಗೋದಿಲ್ಲ ಅನ್ನೋ ಮಾತೂ ಅದರೊಳಗೆ ಇತ್ತು. ಐದು ವರ್ಷದ ನಂತರ ಅದೇ ನಿರ್ದೇಶಕ ‘ಆಕ್ಸಿಡೆಂಟ್’ ಮಾಡಿದಾಗ ಈ ಮಾತು ಇನ್ನೂ ನೇರವಾಯಿತು. ಶ್ರೀಮಂತರ ಮಗನ ಕಾರು, ಅದರಡಿ ಸಿಕ್ಕ ಫುಟ್‌ಪಾತಿನ ಬಡವರು, ಮುಚ್ಚಿಹಾಕುವ ರಾಜಕಾರಣ. ಇವೆರಡನ್ನೂ ಜೊತೆಗಿಟ್ಟು ತೋರಿಸುವ ಪುಸ್ತಕ ಕನ್ನಡಕ್ಕೆ ಬೇಕು ಅನ್ನೋದು ನಮ್ಮ ಆಸೆ.

ಓಟವನ್ನು ಕಾಗದದ ಮೇಲೆ ಕೂರಿಸೋದು

ಪುಟ ವಿನ್ಯಾಸದ ಕೆಲಸ ಹೊರಗಿನಿಂದ ಸುಲಭ ಕಾಣುತ್ತೆ. ಸಿನಿಮಾ ಸೆಕೆಂಡಿಗೆ 24 ಫ್ರೇಮು ಓಡುತ್ತದೆ. 10 ನಿಮಿಷದ ಒಂದು ಚೇಸ್ ಅಂದರೆ 14,400 ಫ್ರೇಮು. ಪುಸ್ತಕದಲ್ಲಿ ಅದಕ್ಕೆ ಎಂಟು ಪುಟ ಕೊಟ್ಟರೆ, ಹೆಚ್ಚೆಂದರೆ ನಲವತ್ತು ಚಿತ್ರ. ಯಾವ ನಲವತ್ತು?

ಗೆಳೆಯ ಇದಕ್ಕೆ ಮದುವೆ ಆಲ್ಬಂ ಮಾಡಿದ ಅನುಭವದಿಂದಲೇ ಉತ್ತರ ಹುಡುಕಿದ. ಕಣ್ಣು ಎಡದಿಂದ ಬಲಕ್ಕೆ ಓದುತ್ತದೆ. ಕಾರು ಎಡದಿಂದ ಬಲಕ್ಕೆ ಓಡುವ ಚಿತ್ರಗಳನ್ನು ಬಲಪುಟದ ಅಂಚಿಗೆ ತಾಗಿಸಿದರೆ ಕೈ ತಾನಾಗಿ ಪುಟ ಮಗುಚುತ್ತದೆ. ಎದುರಿಂದ ಬರುವ ಕಾರು ಎಡಪುಟದಲ್ಲಿ ಕೂತರೆ ಓದುಗ ಒಂದು ಕ್ಷಣ ನಿಲ್ಲುತ್ತಾನೆ. ಎರಡು ಪುಟ ಸೇರುವ ಹೊಲಿಗೆಯ ಜಾಗದಲ್ಲಿ ಯಾರ ಮುಖವೂ ಬರಬಾರದು, ಬಂದರೆ ಮಡಿಕೆಯಲ್ಲಿ ಮೂಗೇ ಮಾಯ. ಚಿಕ್ಕ ಚಿತ್ರಗಳ ಸಾಲು ವೇಗ ಕೊಡುತ್ತೆ, ಎರಡು ಪುಟ ತುಂಬುವ ಒಂದೇ ಚಿತ್ರ ಬ್ರೇಕ್ ಹಾಕಿದ ಹಾಗೆ. ಪಕ್ಕದಲ್ಲಿ ಕನ್ನಡ ಅಕ್ಷರ ಕೂರಿಸೋವಾಗ ಒತ್ತಕ್ಷರಕ್ಕೆ ಕೆಳಗೆ ಜಾಗ ಬಿಡಬೇಕು. ಇಂಗ್ಲಿಷ್ ಪುಸ್ತಕದ ಸಾಲಿನ ಅಂತರವನ್ನೇ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಢಿಕ್ಕಿ ಹೊಡೆಯುತ್ತೆ.

ಇದೆಲ್ಲ ಲೆಕ್ಕ ಹಾಕಿ ಖಾಲಿ ಚೌಕಗಳನ್ನು ಇಟ್ಟು ಪುಸ್ತಕದ ನಕ್ಷೆ ತಯಾರಾಯಿತು. ಆ ಚೌಕಗಳಿಗೆ ಚಿತ್ರ ತುಂಬೋಕೆ ಹೋದಾಗಲೇ ಗೋಡೆ ಎದುರಾಗಿದ್ದು.

ವಿಸಿಟಿಂಗ್ ಕಾರ್ಡಿಗಿಂತ ಸಣ್ಣ ಫೋಟೋ

ಎಲ್ಲರೂ ಕೊಡುವ ಸಲಹೆ: ಯೂಟ್ಯೂಬಿನಿಂದ ಸ್ಕ್ರೀನ್‌ಶಾಟ್ ತಗೊಳ್ಳಿ. ಲೆಕ್ಕ ನೋಡಿ. ಹಳೆ ಟಿವಿ ಕಾಪಿಯ ಒಂದು ಫ್ರೇಮು 720 ಅಡ್ಡ, 576 ಉದ್ದದ ಪಿಕ್ಸೆಲ್. ಪುಸ್ತಕದ ಮುದ್ರಣಕ್ಕೆ ಒಂದು ಇಂಚಿಗೆ 300 ಪಿಕ್ಸೆಲ್ ಬೇಕು. ಅಂದರೆ ಚಿತ್ರದ ಅಗಲ 2.4 ಇಂಚು, ಎತ್ತರ 1.9 ಇಂಚು. ವಿಸಿಟಿಂಗ್ ಕಾರ್ಡಿಗಿಂತ ಸಣ್ಣದು. ಅದನ್ನೇ ಎಳೆದು ಪುಟ ತುಂಬಿಸಿದರೆ ಕಾರು ಯಾವುದು, ಧೂಳು ಯಾವುದು ಗೊತ್ತಾಗೋದಿಲ್ಲ. ಅದೇ 35 ಎಂಎಂ ನೆಗೆಟಿವನ್ನು 4ಕೆ ಗುಣಮಟ್ಟದಲ್ಲಿ ಸ್ಕ್ಯಾನ್ ಮಾಡಿದರೆ ಒಂದು ಫ್ರೇಮು 13 ಇಂಚಿಗೂ ಹೆಚ್ಚು ಅಗಲಕ್ಕೆ ಸ್ಪಷ್ಟವಾಗಿ ಅಚ್ಚಾಗುತ್ತದೆ. ಒಂದೇ ಸಿನಿಮಾ, ಒಂದೇ ಫ್ರೇಮು. ವ್ಯತ್ಯಾಸ ಇರೋದು ಯಾವ ಪ್ರತಿಯನ್ನು ಯಾರು ಹೇಗೆ ಕಾಪಾಡಿದರು ಅನ್ನೋದರಲ್ಲಿ.

ಕಾಪಾಡಿದರೆ ಏನಾಗುತ್ತೆ ಅನ್ನೋದಕ್ಕೆ ಹತ್ತಿರದ ಉದಾಹರಣೆ ‘ಘಟಶ್ರಾದ್ಧ’. ಗಿರೀಶ್ ಕಾಸರವಳ್ಳಿ ಅವರ 1977ರ ಈ ಸಿನಿಮಾ ಮರುಜೀವ ಪಡೆದು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಪ್ರದರ್ಶನವಾಯಿತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಆ ಕೆಲಸದಲ್ಲಿತ್ತು. ಮೂಲ ನೆಗೆಟಿವ್ ಉಳಿದಿದ್ದರಿಂದ ಅದು ಸಾಧ್ಯವಾಯಿತು.

ಕಾಪಾಡದಿದ್ದರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’, 1934ರ ಮಾರ್ಚ್ 3ರಂದು ಬಿಡುಗಡೆಯಾದದ್ದು, ಇಂದು ಅದರ ಪ್ರಿಂಟ್ ಇಲ್ಲ. ನಮ್ಮ ಸಿನಿಮಾ ಚರಿತ್ರೆಯ ಮೊದಲ ಪುಟದ ಬಗ್ಗೆ ಇವತ್ತು ನಮಗೆ ಏನಾದರೂ ಗೊತ್ತಿದ್ದರೆ ಅದು ಫಿಲ್ಮಿನಿಂದ ಅಲ್ಲ. ಫೋಟೋ, ಜಾಹೀರಾತು, ಬರಹದಿಂದ. ಅಂದರೆ ಕಾಗದದಿಂದ. ಸಿನಿಮಾ ಸತ್ತ ಮೇಲೂ ಸಾಕ್ಷಿ ಹೇಳೋದು ಕಾಗದ. ಆ ಕಾಗದವನ್ನು ನಾವು ರದ್ದಿಗೆ ಹಾಕುತ್ತಾ ಬಂದಿದ್ದೇವೆ.

ಹಕ್ಕು ಯಾರದು? ಕೇಳೋದು ಯಾರನ್ನ?

ಚಿತ್ರ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. ಬಳಸೋಕೆ ಅನುಮತಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಿನಿಮಾದ ಹಕ್ಕು ಬಿಡುಗಡೆಯಾದ ಮುಂದಿನ ವರ್ಷದಿಂದ 60 ವರ್ಷ. 1980ರ ಸಿನಿಮಾದ ಹಕ್ಕು 2040ರ ಕೊನೆಯವರೆಗೂ ಇರುತ್ತೆ. ಪೋಸ್ಟರ್ ಬರೆದ ಕಲಾವಿದನ ಕೃತಿಗೆ ಅವನ ಜೀವಿತಾವಧಿ, ಆಮೇಲೆ 60 ವರ್ಷ. ಫ್ರೇಮಿಗೆ ಒಬ್ಬರು, ಪೋಸ್ಟರಿಗೆ ಇನ್ನೊಬ್ಬರು, ಸ್ಟಿಲ್ ಫೋಟೋಗೆ ಮತ್ತೊಬ್ಬರು.

ವಿಮರ್ಶೆಗಾಗಿ ನ್ಯಾಯೋಚಿತವಾಗಿ ಬಳಸಬಹುದು ಅಂತ ಕಲಂ 52 ಹೇಳುತ್ತೆ. ಆದರೆ ಎಷ್ಟು ಚಿತ್ರ ಹಾಕಿದರೆ ವಿಮರ್ಶೆ, ಎಷ್ಟು ಹಾಕಿದರೆ ವ್ಯಾಪಾರ ಅನ್ನೋದಕ್ಕೆ ಗೆರೆ ಇಲ್ಲ. ನೂರಾರು ಚಿತ್ರ ಇರುವ ಪುಸ್ತಕಕ್ಕೆ ಆ ಧೈರ್ಯ ಸಾಲೋದಿಲ್ಲ. ಹಕ್ಕುದಾರರೇ ಪತ್ತೆಯಾಗದಿದ್ದರೆ ಅರ್ಜಿ ಹಾಕಿ ಲೈಸೆನ್ಸ್ ಪಡೆಯೋಕೆ ಕಲಂ 31ಎ ಇದೆ. ಆದರೆ ಪತ್ರಿಕೆಯಲ್ಲಿ ಜಾಹೀರಾತು, ವಕೀಲರು, ನ್ಯಾಯಾಲಯ. ಹುಮನಾಬಾದಿನ ಡಿಟಿಪಿ ಅಂಗಡಿಯವನು ಐನೂರು ಪ್ರತಿಯ ಪುಸ್ತಕಕ್ಕೆ ಅಷ್ಟು ಓಡಾಡಲು ಆಗುತ್ತಾ?

ಹಳೆ ಕನ್ನಡ ಸಿನಿಮಾಗಳ ವಿಷಯದಲ್ಲಿ ಇನ್ನೊಂದು ಸಿಕ್ಕು ಇದೆ. ಟಿವಿ ಹಕ್ಕು, ಆಡಿಯೋ ಹಕ್ಕು, ಆನ್‌ಲೈನ್ ಹಕ್ಕು ಬೇರೆ ಬೇರೆ ಕೈಗೆ ಹೋಗಿರುತ್ತವೆ. ಪುಸ್ತಕದಲ್ಲಿ ಚಿತ್ರ ಹಾಕೋ ಹಕ್ಕು ಯಾರ ಹತ್ತಿರ ಇದೆ ಅಂತ ಕೇಳಿದರೆ, ಆ ಪ್ರಶ್ನೆಯನ್ನೇ ಯಾರೂ ಕೇಳಿಸಿಕೊಂಡಿರೋದಿಲ್ಲ. ‘ಇಲ್ಲ’ ಅಂದರೆ ಸರಿ, ಒಪ್ಪಿಕೊಳ್ಳಬಹುದು. ಇಲ್ಲಿ ಇಲ್ಲ ಅನ್ನೋಕೂ ಜನ ಇಲ್ಲ.

3 ಕೋಟಿ ಮತ್ತು ‘ಡಿಜಿಟಲ್ ಅಲ್ಲದ’ ಎಂಬ ಮಾತು

2025ರ ಮಾರ್ಚ್ 7ರಂದು ಮಂಡಿಸಿದ ರಾಜ್ಯ ಬಜೆಟ್ಟಿನಲ್ಲಿ ಸಿನಿಮಾಕ್ಕೆ ಸಾಕಷ್ಟು ಇತ್ತು. ಉದ್ಯಮದ ಸ್ಥಾನಮಾನ, ಮೈಸೂರಿನ ಚಿತ್ರನಗರಿ, ಕನ್ನಡ ಸಿನಿಮಾಗೆ ಒಟಿಟಿ ವೇದಿಕೆ, 200 ರೂಪಾಯಿ ಟಿಕೆಟ್ ಮಿತಿ. ಹೆಚ್ಚು ಚರ್ಚೆ ಆಗಿದ್ದು ಟಿಕೆಟ್ ದರದ ಬಗ್ಗೆ. ಅದರ ನಡುವೆ ಸದ್ದಿಲ್ಲದೆ ಇನ್ನೊಂದು ಘೋಷಣೆ ಇತ್ತು: ನಾಡಿನ ಸಾಮಾಜಿಕ, ಚಾರಿತ್ರಿಕ, ಸಾಂಸ್ಕೃತಿಕ ಬದುಕನ್ನು ಬಿಂಬಿಸುವ ಕನ್ನಡ ಸಿನಿಮಾಗಳನ್ನು ಡಿಜಿಟಲ್ ಮತ್ತು ಡಿಜಿಟಲ್ ಅಲ್ಲದ ರೂಪದಲ್ಲಿ ಸಂಗ್ರಹಿಸುವ ಭಂಡಾರಕ್ಕೆ 3 ಕೋಟಿ ರೂಪಾಯಿ.

ಸ್ವಾಗತಿಸಬೇಕಾದ ಮಾತು. ಆದರೆ 3 ಕೋಟಿಯಲ್ಲಿ ಏನಾಗುತ್ತೆ? 2022ರಲ್ಲಿ ಕೇಂದ್ರ ಸರ್ಕಾರ ಸುಮಾರು 2,200 ಸಿನಿಮಾಗಳ ಪುನರುಜ್ಜೀವನಕ್ಕೆ 363 ಕೋಟಿ ಅಂತ ಪ್ರಕಟಿಸಿತ್ತು. ಒಂದು ಸಿನಿಮಾಗೆ ಸರಾಸರಿ 16.5 ಲಕ್ಷ. ಆ ಲೆಕ್ಕದಲ್ಲಿ 3 ಕೋಟಿಗೆ 18 ಸಿನಿಮಾ. ತೊಂಬತ್ತು ವರ್ಷದ ಕನ್ನಡ ಚಿತ್ರರಂಗದಿಂದ ಹದಿನೆಂಟನ್ನು ಆರಿಸೋದು ಅಂದರೆ ಯಾವ ಸಮಿತಿ ಕೂತರೂ ಪ್ರಶಸ್ತಿ ಪಡೆದ ದೊಡ್ಡ ಹೆಸರುಗಳೇ ಬರುತ್ತವೆ. ಉಳಿದವು ಕಾಯಬೇಕು. ಫಿಲ್ಮು ಕಾಯೋದಿಲ್ಲ.

ಇಲ್ಲೇ ‘ಡಿಜಿಟಲ್ ಅಲ್ಲದ’ ಅನ್ನೋ ಮಾತು ಕೆಲಸಕ್ಕೆ ಬರಬೇಕು. ಅದನ್ನು ಬರೀ ಫಿಲ್ಮ್ ಡಬ್ಬಿ ಅಂತ ಓದಬೇಕಿಲ್ಲ. ಪೋಸ್ಟರ್, ಟಾಕೀಸಿನ ಮುಂದೆ ಅಂಟಿಸುತ್ತಿದ್ದ ಫೋಟೋ ಕಾರ್ಡು, ನಾಲ್ಕಾಣೆಯ ಹಾಡಿನ ಪುಸ್ತಕ, ಪತ್ರಿಕೆಯ ಜಾಹೀರಾತು, ಶೂಟಿಂಗಿನ ಸ್ಟಿಲ್ಸ್, ಚಿತ್ರಕಥೆಯ ಬೆರಳಚ್ಚು ಪ್ರತಿ — ಎಲ್ಲವೂ ಅದೇ. ಒಂದು ಸಿನಿಮಾವನ್ನು ನೆಗೆಟಿವಿನಿಂದ ಎತ್ತಿ ನಿಲ್ಲಿಸೋಕೆ ಲಕ್ಷಗಟ್ಟಲೆ ಬೇಕು. ಪೋಸ್ಟರ್ ಸ್ಕ್ಯಾನ್ ಮಾಡೋಕೆ ಒಂದು ಒಳ್ಳೆ ಯಂತ್ರ, ಇಬ್ಬರು ಜನ, ಒಂದು ವ್ಯಾನು ಸಾಕು. ಆ ವ್ಯಾನು ಬೆಂಗಳೂರಲ್ಲಿ ನಿಲ್ಲದೆ ಜಿಲ್ಲೆಗಳಿಗೆ ಬರಬೇಕು. ತನ್ನಿ, ಸ್ಕ್ಯಾನ್ ಮಾಡಿಸಿ, ನಿಮ್ಮದನ್ನು ನೀವೇ ವಾಪಸ್ ತಗೊಂಡು ಹೋಗಿ — ಇಷ್ಟು ಸರಳವಾಗಿರಬೇಕು.

ನಮ್ಮ ಭಾಗದವರಿಗೆ ಇದು ಹೊಸ ಮಾತಲ್ಲ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿ ಮನೆಮನೆ ತಿರುಗಿ ತಾಡೋಲೆ ಕೂಡಿಸಿದರು. 1923ರಲ್ಲಿ ‘ವಚನ ಶಾಸ್ತ್ರಸಾರ’ ಅಚ್ಚಾಯಿತು. ಕಲ್ಯಾಣದಲ್ಲಿ ಆಡಿದ ಮಾತು ಉಳಿದದ್ದು ಯಾವುದೋ ಅರಮನೆಯ ಭಂಡಾರದಿಂದ ಅಲ್ಲ, ಜನರ ಮನೆಯ ಗಂಟುಗಳಿಂದ. ಬಸವಕಲ್ಯಾಣದಲ್ಲಿ ಇವತ್ತು ಹೊಸ ಅನುಭವ ಮಂಟಪ ಏಳುತ್ತಿದೆ. ಕಟ್ಟಡ ಬೇಕು, ಸರಿ. ಆದರೆ ಕಟ್ಟಡದೊಳಗೆ ಇಡೋದು ಮನೆಗಳಿಂದಲೇ ಬರಬೇಕು ಅನ್ನೋ ಪಾಠ ಈ ಊರಿಗಿಂತ ಚೆನ್ನಾಗಿ ಯಾವ ಊರಿಗೆ ಗೊತ್ತಿರಬೇಕು?

“ರಸ್ತೆ, ಶಾಲೆ, ಕೆಲಸ ಇಲ್ಲದ ಕಡೆ ಸಿನಿಮಾ ಪೋಸ್ಟರಿನ ಚಿಂತೆ ಯಾಕೆ?” ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ಕಲ್ಯಾಣ ಕರ್ನಾಟಕ ಹಿಂದುಳಿದಿದೆ ಅನ್ನೋದು ಬರೀ ರಸ್ತೆಯ ಲೆಕ್ಕ ಅಲ್ಲ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಜಿಲ್ಲೆಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲವೂ ಒಂದೇ ಓಣಿಯಲ್ಲಿ ಕೇಳುತ್ತವೆ. ಟಾಕೀಸಿನಲ್ಲೂ ಹಾಗೇ. ಈ ಗಡಿಯಲ್ಲಿ ಕನ್ನಡ ಸಿನಿಮಾ ನೋಡೋದು ಅಂದರೆ ನಾಲ್ಕು ಭಾಷೆಯ ನಡುವೆ ಒಂದನ್ನು ಆರಿಸಿಕೊಂಡ ಹಾಗೆ. ಕನ್ನಡ ಸಿನಿಮಾ ಚರಿತ್ರೆಯ ಪುಸ್ತಕಗಳಲ್ಲಿ ಮದ್ರಾಸು ಇದೆ, ಮೈಸೂರಿದೆ, ಗಾಂಧಿನಗರ ಇದೆ. ನೋಡಿದ ಊರುಗಳು ಇಲ್ಲ. ದಾಖಲೆ ಇಲ್ಲದ ಕಡೆ ಹಕ್ಕು ಕೇಳೋದೂ ಕಷ್ಟ ಅನ್ನೋದನ್ನ 371ಜೆಗಾಗಿ ದಶಕಗಟ್ಟಲೆ ಹೋರಾಡಿದ ನಮಗೆ ಬೇರೆಯವರು ಹೇಳಬೇಕಿಲ್ಲ.

ಸಸ್ತಾಪುರ ಬಂಗ್ಲಾದ ಬ್ರಶ್ಶು

ಫೋಟೋ ಸಿಗದೆ ಕೂತಿದ್ದ ಗೆಳೆಯ ಒಂದು ದಿನ ನನ್ನನ್ನ ಬೈಕಿನ ಮೇಲೆ ಕೂರಿಸಿಕೊಂಡು ಸಸ್ತಾಪುರ ಬಂಗ್ಲಾ ಕಡೆ ಹೊರಟ. ಬಸವಕಲ್ಯಾಣಕ್ಕೆ ತಿರುಗುವ ಹೆದ್ದಾರಿಯ ಜಾಗ ಅದು. ಸುತ್ತಮುತ್ತ ಲಾರಿ ಗ್ಯಾರೇಜು, ವೆಲ್ಡಿಂಗ್ ಶೆಡ್ಡು. ಲಾರಿಗಳಿಗೆ ಅಕ್ಷರ ಬರೆಯುವ ವಯಸ್ಸಾದ ಪೇಂಟರ್ ಕಾಕಾ ಒಬ್ಬರು ಸಿಕ್ಕರು. ಪುಸ್ತಕದ ಹೆಸರನ್ನು ಕಂಪ್ಯೂಟರ್ ಫಾಂಟಿನಲ್ಲಿ ಬೇಡ, ನಿಮ್ಮ ಕೈಯಿಂದ ಬರೆದುಕೊಡಿ ಅಂತ ಕೇಳೋಕೆ ಹೋಗಿದ್ದು. ಮಾತಿಗೆ ಮಾತು ಬೆಳೆದು ಟಾಕೀಸಿನ ಬೋರ್ಡುಗಳ ವಿಷಯ ಬಂತು.

“ಮೊದ್ಲು ಅವೂ ನಾವೇ ಬರೀತಿದ್ದೆವು,” ಅಂದರು. “ಪಿಚ್ಚರ್ ಬದ್ಲಾದ್ರ ಅದರ ಮ್ಯಾಲೇ ಬಿಳಿ ಬಣ್ಣ ಹೊಡ್ದು ಮತ್ತೊಂದ್ ಬರಿಯೋದು. ಹಳೀದು ಯಾರ್ ಇಡ್ತಾರ್ರಿ?”

ನಮ್ಮ ಇಡೀ ಸಮಸ್ಯೆ ಆ ಒಂದು ಮಾತಿನಲ್ಲಿತ್ತು. ಒಂದರ ಮೇಲೊಂದು ಬಣ್ಣ ಹೊಡೆದ ಅದೇ ಹಲಗೆ. ಅಡಿಯಲ್ಲಿ ಎಷ್ಟು ಸಿನಿಮಾ ಇದ್ದವೋ.

ಕಾಕಾ ಹೆಸರು ಬರೆದುಕೊಟ್ಟರು. ಓರೆಯಾದ ದಪ್ಪ ಅಕ್ಷರ, ಹಿಂದೆ ನೆರಳು. ಲಾರಿಯ ಹಿಂಬದಿಗೆ ಒಪ್ಪುವಂಥದ್ದು. ಮುಖಪುಟಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ ಅಂತ ಅಲ್ಲೇ ತೀರ್ಮಾನವಾಯಿತು. ಅದಕ್ಕಿಂತ ಮುಖ್ಯವಾದ ಇನ್ನೊಂದು ತೀರ್ಮಾನ ವಾಪಸ್ ಬರುವಾಗ ಆಯಿತು. ಸಿಗದ ಚಿತ್ರದ ಜಾಗದಲ್ಲಿ ಮಸುಕು ಸ್ಕ್ರೀನ್‌ಶಾಟ್ ಹಾಕಿ ಮುಚ್ಚೋದು ಬೇಡ. ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರಿಗೆ ಕೊಟ್ಟು ಇಲ್ಲದ ಮುಖ, ಇಲ್ಲದ ಕಾರು ಸೃಷ್ಟಿಸೋದೂ ಬೇಡ. ಅದು ನೋಡೋಕೆ ಚೆಂದ, ಆದರೆ ಸುಳ್ಳು ದಾಖಲೆ. ಚೌಕವನ್ನು ಖಾಲಿ ಬಿಟ್ಟು, ಅಲ್ಲಿ ಯಾವ ಚಿತ್ರ ಇರಬೇಕಿತ್ತು, ನೋಡಿದವರು ಏನು ನೆನಪಿಟ್ಟುಕೊಂಡಿದ್ದಾರೆ ಅನ್ನೋದನ್ನ ಅವರ ಮಾತಿನಲ್ಲೇ ಅಚ್ಚು ಹಾಕೋದು. ಸಿಕ್ಕರೆ ಮುಂದಿನ ಮುದ್ರಣದಲ್ಲಿ ತುಂಬೋದು.

ಕೊನೆಯ ಪುಟ

ಒಂದು ಪುಟದ ಬಗ್ಗೆ ಮಾತ್ರ ನಾವಿಬ್ಬರೂ ಜಗಳ ಆಡಿದೆವು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಆನಗೋಡಿನಲ್ಲಿ ಹೆದ್ದಾರಿ ಅಪಘಾತದಲ್ಲಿ ಶಂಕರ್‌ನಾಗ್ ತೀರಿಕೊಂಡರು. ವಯಸ್ಸು 35. ಬೆಂಗಳೂರಿನಿಂದ ಬೀದರಿನ ತನಕ ಆಟೋಗಳ ಹಿಂದೆ ಇಂದಿಗೂ ಅವರ ಚಿತ್ರ ಇದೆ. ಕಾರಿನ ಓಟದ ಪುಸ್ತಕವನ್ನು ಆ ಅಪಘಾತದ ಫೋಟೋದಿಂದ ಮುಗಿಸೋಣ ಅಂತ ನಾನು ಹೇಳಿದ್ದೆ. ಓದುಗನಿಗೆ ಪೆಟ್ಟು ಕೊಡುತ್ತೆ ಅನ್ನೋ ಲೆಕ್ಕ ನನ್ನದು.

ಗೆಳೆಯ ಒಪ್ಪಲಿಲ್ಲ. “ನಮ್ಮ ರೋಡಿನ್ಯಾಗ ವಾರಾ ಯಾರದರ ಮನೀ ಮಂದಿ ಹೋಗ್ತಾರ. ಆ ಫೋಟೋ ನೋಡಿ ಯಾರ್ ಪುಸ್ತಕ ಮನ್ಯಾಗ ಇಡ್ತಾರ?” ಅಂದ. ಹೆದ್ದಾರಿ ಪಕ್ಕ ಬದುಕುವವನಿಗೆ ವೇಗ ಅಂದರೆ ಬರೀ ಸಿನಿಮಾ ಅಲ್ಲ. ಅವನ ಮಾತೇ ಸರಿ. ಕೊನೆಗೆ ‘ಆಕ್ಸಿಡೆಂಟ್’ ಸಿನಿಮಾದ ಬಗ್ಗೆ ಒಂದು ಪುಟದ ಬರಹ, ಆಮೇಲೆ ಆಟೋದ ಹಿಂಬದಿಯ ಚಿತ್ರ. ಆ ಒಂದು ಫೋಟೋಗೆ ಯಾರ ಭಂಡಾರವೂ ಬೇಕಾಗಲಿಲ್ಲ. ಹುಮನಾಬಾದ್ ಬಸ್ ಸ್ಟ್ಯಾಂಡಿನ ಹೊರಗೆ ನಿಂತಿದ್ದ ಆಟೋದ ಫೋಟೋ, ಮಾಲೀಕನನ್ನು ಕೇಳಿಯೇ ತೆಗೆದದ್ದು.

ಸರ್ಕಾರ ಭಂಡಾರ ಮಾಡುವಾಗ ಮೂರು ಕೆಲಸ ಮಾಡಲಿ. ಕಾಗದವನ್ನೂ ಸಿನಿಮಾ ಅಂತ ಒಪ್ಪಲಿ. ಸ್ಕ್ಯಾನ್ ಮಾಡುವ ವ್ಯಾನು ಬೀದರಿನಿಂದ ಹೊರಡಲಿ, ಬೀದರಿಗೆ ಕೊನೆಯಲ್ಲಿ ಬರೋದು ಬೇಡ. ಪುಸ್ತಕ, ಪಾಠ, ಸಂಶೋಧನೆಗೆ ಚಿತ್ರ ಬಳಸಲು ಅನುಮತಿ ಕೇಳುವ ಒಂದೇ ಕಿಟಕಿ ಇರಲಿ. ಸಣ್ಣ ಪ್ರಕಾಶಕರಿಗೆ ಸಣ್ಣ ಶುಲ್ಕ ಇರಲಿ.

ಅಲ್ಲಿಯವರೆಗೆ ನೀವೂ ಒಂದು ಕೆಲಸ ಮಾಡಿ. ದೀಪಾವಳಿಗೆ ಮನೆ ಸ್ವಚ್ಛ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಹಳೆ ಹಾಡಿನ ಪುಸ್ತಕ, ಹರಿದ ಪೋಸ್ಟರ್, ಟಿಕೆಟ್ಟಿನ ಅರ್ಧ ತುಂಡು ಸಿಕ್ಕರೆ ರದ್ದಿಗೆ ಹಾಕಬೇಡಿ. ಹಿಂದೆ ಪೆನ್ಸಿಲಿನಲ್ಲಿ ಬರೆದಿಡಿ: ಯಾವ ಊರು, ಯಾವ ಟಾಕೀಸು, ಯಾರ ಜೊತೆ ನೋಡಿದಿರಿ. ನಾಳೆ ಯಾರೋ ಒಂದು ಪುಸ್ತಕ ಮಾಡೋಕೆ ಕೂತಾಗ ಒಂದು ಖಾಲಿ ಚೌಕವಾದರೂ ತುಂಬುತ್ತದೆ.